ತಣ್ಣೀರು ತರಲಾ ಸರ್?

ಅವತ್ತು ನನ್ನ ಬಾಯಿ ತಪ್ಪಲಿಲ್ಲ. ತಪ್ಪಿತು ಅಂತ ಹೇಳಿದ್ದು ಸುಳ್ಳು — ನಾಲ್ಕು ವರ್ಷ ಆ ಸುಳ್ಳಿನ ಮೇಲೇ ಕೂತು ಊಟ ಮಾಡಿದೆ. ಕಾವೇರಪ್ಪನವರ ಮುಂದೆ ಲೋಟ ಇಟ್ಟು “ತಣ್ಣೀರು ತರಲಾ ಸರ್?” ಅಂತ ಕೇಳಿದಾಗ, ನಾನು ಕೇಳಬೇಕಾಗಿದ್ದದ್ದು ಬಿಸಿನೀರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಬೇಕಂತಲೇ ಹಾಗೆ ಕೇಳಿದೆ. ಆ ಒಂದು ಮಾತಿಗೆ ಅವರು ಮೂವತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರು ಹೋಯಿತು, ಅವರ ಜಾಗ ನನಗೆ ಬಂತು.

ನೀರಿನ ಮಾತಿಗೆ ಯಾರ ಹೆಸರಾದರೂ ಹೋಗುತ್ತಾ ಅಂತ ನಿಮಗೆ ಅನ್ನಿಸಬಹುದು. ಹೋಗುತ್ತೆ. ಮೊದಲಿಂದ ಹೇಳುತ್ತೀನಿ — ನಡುವೆ ನಾನು ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಿ. ತಪ್ಪು ಒಪ್ಪಿಕೊಳ್ಳುವವಳು ತಲೆ ತಗ್ಗಿಸಿಕೊಂಡೇ ಮಾತಾಡಬೇಕು ಅಂತ ಎಲ್ಲೂ ಬರೆದಿಲ್ಲ. ನನ್ನ ತಪ್ಪು ಎಷ್ಟು ನಿಜವೋ ನನ್ನ ಮೂಗೂ ಅಷ್ಟೇ ನಿಜ.

ನಾನು ಮಾದೇವಮ್ಮ. ಹುಟ್ಟಿದ್ದು ಪಿರಿಯಾಪಟ್ಟಣದ ಮಗ್ಗುಲಿನ ಹಳ್ಳಿಯಲ್ಲಿ, ಕೊಟ್ಟಿದ್ದು ಸರಗೂರಿನ ಕಡೆಗೆ. ತವರಲ್ಲಿ ಹೊಗೆಸೊಪ್ಪಿನ ಬೇಸಾಯ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನುವ ಕಿಟಕಿಯಿಲ್ಲದ ಎತ್ತರದ ಮನೆಯೊಳಗೆ ನೇತುಹಾಕಿ, ಕೆಳಗೆ ಸೌದೆ ಬೆಂಕಿ ಕೊಟ್ಟು ಐದಾರು ದಿನ ಬೇಯಿಸುತ್ತಾರೆ. ಮೊದಲನೇ ದಿನ ಹಸಿ ಹುಲ್ಲಿನ ವಾಸನೆ. ಮೂರನೇ ದಿನ ಹಣ್ಣು ಬಾಳೆಯದು. ಐದನೇ ದಿನ — ಅದನ್ನು ಹೇಗೆ ಹೇಳಲಿ — ಸುಟ್ಟ ಕೊಬ್ಬರಿ, ಬೆಲ್ಲ, ಬಿಸಿ ಮರ ಮೂರೂ ಸೇರಿದ ಒಂದು ಘಮ. ನಾನು ಬಾಗಿಲು ತೆಗೆಯದೆ ಹೊರಗೇ ನಿಂತು ಸೊಪ್ಪು ಯಾವ ಹದಕ್ಕೆ ಬಂದಿದೆ ಅಂತ ಹೇಳುತ್ತಿದ್ದೆ. ಅಪ್ಪ ನನ್ನನ್ನು ಕೇಳದೆ ಬೆಂಕಿ ಏರಿಸುತ್ತಿರಲಿಲ್ಲ. ಸೊಪ್ಪು ವಿಂಗಡಿಸುವಾಗ ಜೊತೆಯ ಹೆಂಗಸರು ನಾಯಿ ಮೂಗು ಕಣಮ್ಮಿ ನಿಂದು ಅಂತ ರೇಗಿಸೋರು. ನನಗೇನೂ ಬೇಜಾರಾಗುತ್ತಿರಲಿಲ್ಲ, ಒಳಗೊಳಗೇ ಹಿಗ್ಗುತ್ತಿದ್ದೆ.

ಗಂಡನ ಮನೆಗೆ ಬಂದು ಎಷ್ಟೋ ವರ್ಷವಾದ ಮೇಲೆ, ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿನ ದಂಡೆಯ ಒಂದು ಲಾಡ್ಜಿನಲ್ಲಿ ಕೆಲಸಕ್ಕೆ ಸೇರಿದೆ. ಆನೆ ನೋಡಲು ದೊಡ್ಡ ಊರುಗಳಿಂದ ಬಂದ ಜನ ಉಳಿಯುವ ಜಾಗ. ನನ್ನದು ಬೆಳಗಿನ ತಿಂಡಿ ಬಡಿಸುವ ಕೆಲಸ. ಅಲ್ಲಿ ವೈನ್ ವಿಭಾಗದ ಯಜಮಾನಿಕೆ ಕಾವೇರಪ್ಪನವರದ್ದು. ಕೊಡಗಿನವರು, ಮನೆ ನಮ್ಮ ಪಿರಿಯಾಪಟ್ಟಣದ ಕಡೆಯ ಕೊಪ್ಪದಲ್ಲಿ. ಬಿಳಿ ಮೀಸೆ, ಗರಿಗರಿ ಇಸ್ತ್ರಿ, ಮಾತು ಮೆತ್ತಗೆ. ಬಾಟಲಿ ನೋಡದೆ ಒಂದು ಲೋಟ ಮೂಸಿ, ಯಾವ ವೈನ್ ಅಂತ ಗುರುತಿಸಿ ಹತ್ತು ನಿಮಿಷ ಮಾತಾಡಿದರೆ ಅತಿಥಿಗಳು ಊಟ ಮರೆತು ಕೇಳುತ್ತಿದ್ದರು. ನಾನೂ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ಡ್ರೈ ವೈಟ್ ವೈನ್ ಅಂತ ಮೊದಲ ಸಲ ಕೇಳಿದಾಗ ನಾನು ಒಣಗಿಸಿದ ವೈನ್ ಅಂದುಕೊಂಡಿದ್ದೆ. ಸೊಪ್ಪು ಒಣಗಿಸಿದವಳಿಗೆ ಇನ್ನೇನು ಹೊಳೆಯುತ್ತೆ? ಪುಡಿ ಮಾಡಿ ಇಟ್ಟಿರ್ತಾರಾ ಸರ್, ನೀರಿಗೆ ಕಲಸ್ತೀರಾ ಅಂತ ಕೇಳಿಯೂಬಿಟ್ಟೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು — ಒಣಗೋದು ಸಿಹಿ ಮಾತ್ರ ಕಣಮ್ಮ, ದ್ರಾಕ್ಷಿಯ ಸಿಹಿಯೆಲ್ಲ ಹುದುಗಿನಲ್ಲಿ ಖರ್ಚಾಗಿ ಉಳಿದದ್ದಕ್ಕೆ ಡ್ರೈ ಅಂತಾರೆ. ಅದರಲ್ಲಿ ನಮ್ಮ ಲಾಡ್ಜಿಗೆ ಬರುವುದು ಎರಡು ಥರ. ಒಂದು ಸ್ಟೀಲ್ ಟ್ಯಾಂಕಿನಲ್ಲಿ ಇಟ್ಟದ್ದು. ನಿಂಬೆ ಸಿಪ್ಪೆ, ಸೀಬೆಕಾಯಿ, ಆಗತಾನೆ ಕೊಯ್ದ ಹುಲ್ಲು, ನಾಲಿಗೆಯ ಅಂಚಿಗೆ ಚುರ್ ಅನ್ನುತ್ತೆ. ಇನ್ನೊಂದು ಓಕ್ ಮರದ ಪೀಪಾಯಿಯಲ್ಲಿ ಕೂತು ಬಂದದ್ದು. ಅದನ್ನು ಅವರು ನನ್ನ ಮೂಗಿನ ಹತ್ತಿರ ಹಿಡಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಬ್ಯಾರನ್ನಿನ ಐದನೇ ದಿನ! ಎಲ್ಲಿಯ ದ್ರಾಕ್ಷಿ, ಎಲ್ಲಿಯ ಹೊಗೆಸೊಪ್ಪು — ಆದರೂ ಅದೇ ಬಿಸಿ ಮರ, ಅದೇ ಸುಟ್ಟ ಕೊಬ್ಬರಿ.

ಅವತ್ತಿನಿಂದ ಅವರ ಕೈಕೆಳಗೆ ಬಿದ್ದೆ. ಮೂಸಬೇಕು, ಬಾಯಲ್ಲಿ ತಿರುಗಿಸಬೇಕು, ಉಗಿಯಬೇಕು. ಒಂದು ತೊಟ್ಟೂ ನುಂಗಿದವಳಲ್ಲ — ನಮ್ಮ ಅತ್ತೆಗೆ ಇದನ್ನು ನಂಬಿಸಲು ಎರಡು ವರ್ಷ ಬೇಕಾಯಿತು.

ಕರೋನ ಬಂತು, ಲಾಡ್ಜು ಮುಚ್ಚಿತು, ಮತ್ತೆ ತೆರೆಯಿತು. ತೆರೆದ ಹೊಸದರಲ್ಲಿ ಒಂದು ಬೆಳಿಗ್ಗೆ ಕಾವೇರಪ್ಪನವರು ಸೀದುಹೋದ ಹಾಲಿನ ಕಾಫಿಯನ್ನು ಆರಾಮಾಗಿ ಕುಡಿಯುತ್ತಿದ್ದರು. ಆ ಕಮಟು ನನಗೆ ಅಡುಗೆಮನೆಯ ಆಚೆಗೇ ಬಡಿದಿತ್ತು. ಸರ್, ಸೀದದ್ದು ಗೊತ್ತಾಗ್ತಿಲ್ವಾ ಅಂದೆ. ಅವರು ಲೋಟ ಕೆಳಗಿಟ್ಟರು, ಬಾಗಿಲು ಹಾಕಿದರು, ಇದ್ದದ್ದನ್ನೆಲ್ಲ ಹೇಳಿದರು. ಅವರಿಗೂ ಕರೋನ ಬಂದು ಹೋಗಿತ್ತು, ಮೂಗಿಗೆ ವಾಸನೆ ವಾಪಸ್ ಬಂದಿರಲಿಲ್ಲ. ಆರು ತಿಂಗಳಿಂದ ಅವರಿಗೆ ಮಲ್ಲಿಗೆಯೂ ಒಂದೇ ಸೀಮೆಎಣ್ಣೆಯೂ ಒಂದೇ. ಹೆಂಡತಿಗೂ ಹೇಳಿರಲಿಲ್ಲ. ಯಾರಿಗೂ ಹೇಳಬೇಡಮ್ಮ ಅಂತ ನನ್ನ ಕೈ ಹಿಡಿದುಕೊಂಡರು, ನಾನು ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಉಪಾಯ ಮಾಡಿದ್ದು ನಾನೇ. ವೈನ್ ಸುರಿಯುವಾಗ ನಾನು ಮೂಸುವುದು. ಲೋಟ ಅವರ ಮುಂದಿಟ್ಟು, ಎಲ್ಲರೂ ಕೇಳುವ ಹಾಗೆ ನೀರು ವಿಚಾರಿಸುವುದು. “ತಣ್ಣೀರು ತರಲಾ ಸರ್?” ಅಂದರೆ ಸ್ಟೀಲ್ ಟ್ಯಾಂಕಿನದು. “ಬಿಸಿನೀರು ತರಲಾ ಸರ್?” ಅಂದರೆ ಮರದ ಪೀಪಾಯಿಯದು. ವಯಸ್ಸಾದವರಿಗೆ ನೀರು ಕೇಳುವುದರಲ್ಲಿ ಯಾರಿಗೆ ಅನುಮಾನ ಬರುತ್ತೆ? ಆ ಒಂದು ಮಾತು ಸಿಕ್ಕರೆ ಸಾಕು, ಅವರ ನೆನಪಿನಲ್ಲಿದ್ದ ಮೂವತ್ತು ವರ್ಷದ ವಾಸನೆಗಳೆಲ್ಲ ಸಾಲಾಗಿ ಹೊರಗೆ ಬರುತ್ತಿದ್ದವು. ನಾನು ಕದ್ದು ಮೂಸಿದ್ದು, ಅವರು ನಿಂತು ಹೇಳಿದ್ದು. ಹತ್ತಿರ ಹತ್ತಿರ ಒಂದು ವರ್ಷ ಹೀಗೇ ನಡೆಯಿತು, ಒಂದು ಸಲವೂ ಸಿಕ್ಕಿಬೀಳಲಿಲ್ಲ.

ಚಪ್ಪಾಳೆ ಮಾತ್ರ ಅವರಿಗೇ.

ಮಳೆ ಮುಗಿದು ಜನ ಬರಲು ಶುರುವಾಗುವ ಮುಂಚೆ ನಮ್ಮ ಮಾಲೀಕರು — ಎಲ್ಲರೂ ಮೇಡಂ ಅನ್ನುತ್ತೇವೆ — ಎರಡು ಥರದ ಡ್ರೈ ವೈಟ್‌ಗಳಲ್ಲಿ ಒಂದನ್ನು ಆ ವರ್ಷಕ್ಕೆ ಆರಿಸುವ ದಿನ ಇಡುತ್ತಿದ್ದರು. ಕೆರೆಮೀನು ಹುರಿದದ್ದಕ್ಕೆ ಜೊತೆ ಕೊಡಲು, ಪಟ್ಟಿಯ ಮೊದಲ ಪುಟಕ್ಕೆ ಹಾಕಲು. ಬಾಟಲಿಗೆ ಹಳೇ ಪೇಪರ್ ಸುತ್ತಿ, ಬಣ್ಣ ಕಾಣದ ನೀಲಿ ಲೋಟಕ್ಕೆ ಸುರಿಸಿ, ಯಾವುದು ಯಾವುದು ಅಂತ ಕಾವೇರಪ್ಪನವರು ಎಲ್ಲರ ಮುಂದೆ ಹೇಳಿ, ತಮ್ಮ ಆಯ್ಕೆ ಹೇಳುವುದು ಪದ್ಧತಿ. ಆ ಸಲ ವೈನ್ ಮಾಡುವ ಕಡೆಯ ಒಬ್ಬರೂ, ಅತಿಥಿಗಳನ್ನು ಕಳಿಸುವ ಏಜೆಂಟರೂ ಬಂದಿದ್ದರು.

ಹಿಂದಿನ ಸಾಯಂಕಾಲ ಒಂದು ಮಾತು ನನ್ನ ಕಿವಿಗೆ ಬಿತ್ತು. ನಮ್ಮ ಅಡುಗೆಯವರು ಆ ವೈನಿನವರ ಹತ್ತಿರ ನನ್ನ ಮೂಗನ್ನು ಹೊಗಳಿದ್ದರಂತೆ. ಅವರು ಹೌದಾ ಅಂತ ಕಾವೇರಪ್ಪನವರನ್ನು ಕೇಳಿದರು. ಕಾವೇರಪ್ಪನವರು ನಕ್ಕು, “ಅವಳಾ? ಹೊಗೆಸೊಪ್ಪು ಬಿಡಿಸ್ತಿದ್ದವಳು. ಲೋಟ ಹಿಡಿಯೋದು ಈಗ ಕಲೀತಿದ್ದಾಳೆ” ಅಂದರು. ನಾನು ಪರದೆಯ ಈಚೆ ಕರವಸ್ತ್ರ ಮಡಿಸುತ್ತಿದ್ದೆ. ಹೆದರಿಕೆಗೆ ಹಾಗಂದರು ಅಂತ ಈಗ ಅರ್ಥವಾಗುತ್ತೆ. ನನ್ನ ಮೂಗಿನ ಸುದ್ದಿ ಎದ್ದರೆ ಅವರ ಗುಟ್ಟು ಎದ್ದ ಹಾಗೆ. ಆದರೆ ಅವತ್ತು — ಅವತ್ತು ಮಡಿಸಿದ್ದನ್ನೆಲ್ಲ ಅಲ್ಲೇ ಒಗೆದು ಎದ್ದುಹೋದೆ. ಇದನ್ನು ಕಾರಣ ಅಂತ ಹೇಳುತ್ತಿದ್ದೀನಿ, ನೆಪ ಅಂತ ಅಲ್ಲ. ಕೋಪ ಬಂದವಳು ಬಾಯಿಬಿಟ್ಟು ಜಗಳ ಆಡಬಹುದಿತ್ತು.

ಮರುದಿನ ಹನ್ನೊಂದು ಗಂಟೆ. ಊಟದ ಹಾಲಿನ ತುಂಬ ಜನ. ಮೊದಲ ಬಾಟಲಿ ಸುರಿಯುವಾಗಲೇ ನನಗೆ ಗೊತ್ತಾಯಿತು — ಪೀಪಾಯಿಯದು, ಸಂಶಯವೇ ಇಲ್ಲ. ತಟ್ಟೆ ಹಿಡಿದು ನಡೆದೆ. ಅಡುಗೆಮನೆ ಬಾಗಿಲಿಂದ ಅವರ ಮೇಜಿಗೆ ಹನ್ನೆರಡು ಹೆಜ್ಜೆ. ಆ ಹನ್ನೆರಡು ಹೆಜ್ಜೆಯಲ್ಲಿ ಎಲ್ಲಿ ಬೇಕಾದರೂ ಮನಸ್ಸು ಬದಲಾಯಿಸಬಹುದಿತ್ತು. ಲೋಟ ಇಟ್ಟೆ, ಅವರ ಮುಖ ನೋಡಿದೆ.

“ತಣ್ಣೀರು ತರಲಾ ಸರ್?”

ಅವರು ಒಂದು ಕ್ಷಣವೂ ಅನುಮಾನ ಪಡಲಿಲ್ಲ. ನಾಲಿಗೆಗೆ ಹುಳಿ ತಾಕಿರಬೇಕು, ಐಸಿನಲ್ಲಿಟ್ಟು ಕೊರೆಯುತ್ತಿದ್ದದ್ದು ಬೇರೆ. ಮೂಗಿಲ್ಲದೆ ನಾಲಿಗೆಯೊಂದಕ್ಕೆ ಎರಡರ ವ್ಯತ್ಯಾಸವೇ ಗೊತ್ತಾಗಲ್ಲ. ಸ್ಟೀಲ್ ಟ್ಯಾಂಕ್ ಅಂದರು. ನಿಂಬೆ ಸಿಪ್ಪೆ, ಕೊಯ್ದ ಹುಲ್ಲು, ಎಳೇ ಸೀಬೆ — ಹತ್ತು ನಿಮಿಷ ಚಂದವಾಗಿ ಮಾತಾಡಿದರು. ವೈನಿನವರ ಮುಖ ನೋಡನೋಡುತ್ತ ಬೇರೆಯಾಯಿತು. ಮೇಡಂ ಪೇಪರ್ ಬಿಚ್ಚಿದರು. ಪೀಪಾಯಿಯ ಚಿತ್ರ ಇದ್ದ ಲೇಬಲ್. ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಾವೇರಪ್ಪನವರು ಲೇಬಲ್ ನೋಡಲಿಲ್ಲ, ನನ್ನನ್ನು ನೋಡಿದರು.

ಮುಜುಗರ ಕಳೆಯಲು ಮೇಡಂ ತಮಾಷೆಗೆ, ಬೇರೆ ಯಾರಾದರೂ ಹೇಳ್ತೀರಾ ಅಂದರು. ನಾನು ಹೇಳಿದೆ. ಎರಡನೆಯದು ಹೇಳಿದೆ, ಆಮೇಲೆ ಇನ್ನೊಂದು ಜೊತೆ ಸುರಿದು ಕೊಟ್ಟರು, ಅದನ್ನೂ ಹೇಳಿದೆ. ಮೀನಿಗೆ ಪೀಪಾಯಿಯದೇ ಸರಿ, ನಮ್ಮ ಮಸಾಲೆಯ ಮುಂದೆ ಸ್ಟೀಲಿನದು ನಿಲ್ಲಲ್ಲ ಅಂತಲೂ ಅಂದೆ. ಎಲ್ಲರೂ ಬೆರಗಾಗಿ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಸ್ವರ್ಗ ಮೂರೇ ಗೇಣು.

ಆಮೇಲೆ ಅಡುಗೆಮನೆಯಲ್ಲಿ ಅವರು ಏನಾಯ್ತಮ್ಮ ಅಂತ ಮೆಲ್ಲಗೆ ಕೇಳಿದರು. ಗಾಬರಿಯಾಗಿ ಬಾಯಿ ತಪ್ಪಿತು ಸರ್ ಅಂದೆ. ನಂಬಿದರು. ಅಷ್ಟು ಜನ ಇದ್ದರೆ ಯಾರಿಗಾದರೂ ಆಗುತ್ತೆ, ಬುಡು ಅಂದರು. ಆ ತಿಂಗಳೇ ಕೆಲಸ ಬಿಟ್ಟರು. ಹೋಗುವ ಮುಂಚೆ ಮೇಡಂ ಹತ್ತಿರ ಹೋಗಿ, ನನ್ನ ಜಾಗಕ್ಕೆ ಮಾದೇವಮ್ಮನನ್ನೇ ಹಾಕಿ ಅಂತ ತಾವೇ ಹೇಳಿದರು.

ನಾಲ್ಕು ವರ್ಷ ಗೆದ್ದೆ. ನಿಜವಾಗಿಯೂ ಗೆದ್ದೆ. ನಾನು ಆರಿಸಿದ ವೈನನ್ನು ಜನ ಮತ್ತೆ ಮತ್ತೆ ಕೇಳಿ ಕುಡಿದರು. ಮೈಸೂರಿನ ದೊಡ್ಡ ಹೋಟೆಲಿನವರು ಕರೆಸಿ ಮೂಸಿಸಿದರು. ಮೊದಮೊದಲು ಮೂಗು ಮುರಿದಿದ್ದ ನೆಂಟರು ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗ ನಿಂತು ಮಾತಾಡಿಸಿ ಹೋಗುತ್ತಾರೆ. ಪ್ರತಿ ವರ್ಷವೂ ನೀಲಿ ಲೋಟ ಎತ್ತಿದಾಗ ಮಾತ್ರ, ಒಂದೇ ಒಂದು ಕ್ಷಣ, ಅವತ್ತು ನನ್ನ ಕಡೆ ತಿರುಗಿದ ಆ ಮುಖ ಕಾಣುತ್ತಿತ್ತು. ಮೂಸಲು ಶುರುಮಾಡಿದರೆ ಹೋಗಿಬಿಡುತ್ತಿತ್ತು.

ಕಳೆದ ಬೇಸಿಗೆಯಲ್ಲಿ ತವರಿಂದ ಕೊಪ್ಪಕ್ಕೆ ಹೋಗಿದ್ದೆ. ತರಕಾರಿ ಅಂಗಡಿಯ ಮುಂದೆ ಒಬ್ಬರು ಕೊತ್ತಂಬರಿ ಕಟ್ಟನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಅಂಗಡಿಯವಳು ತಗೊಳ್ಳೋದಾದ್ರೆ ತಗೊಳ್ಳಿ ಸಾರ್ ಅಂತ ಗೊಣಗುತ್ತಿದ್ದಳು. ಕಾವೇರಪ್ಪನವರು. ನನ್ನನ್ನು ಕಂಡಿದ್ದೇ ಮುಖ ಅರಳಿತು. “ಬಂತು ಕಣಮ್ಮ, ವಾಪಸ್ ಬಂತು” ಅಂದರು. ಬಂದು ಎರಡು ವರ್ಷವಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ — ಹೋಗಿದ್ದು ಗೊತ್ತಿದ್ದರಲ್ಲವೇ ಬಂದದ್ದನ್ನು ಹೇಳುವುದು? ಆ ಸಂತೋಷ ಹಂಚಿಕೊಳ್ಳಲು ಇಡೀ ಪ್ರಪಂಚದಲ್ಲಿ ಅವರಿಗೆ ಇದ್ದವಳು ನಾನೊಬ್ಬಳೇ.

ನನಗೆ ತಡೆಯಲಾಗಲಿಲ್ಲ. ಅಲ್ಲೇ, ಆ ಸೊಪ್ಪಿನ ಮುಂದೆಯೇ, ಎಲ್ಲ ಹೇಳಿಬಿಟ್ಟೆ.

ಅವರು ಕಟ್ಟನ್ನು ಕೆಳಗಿಟ್ಟರು. ನಾನು ಕೈಮುಗಿದೆ, ಅದನ್ನು ನೋಡಲೂ ಇಲ್ಲ. ಅಂಗಡಿಯಿಂದ ನಾಲ್ಕು ಹೆಜ್ಜೆ ಆಚೆ ಹೋಗಿ, ತಿರುಗಿ ಅಂದರು: “ನನ್ನ ಹತ್ರ ಹೇಳಿ ಏನು ಬಂತು? ಯಾರ ಮುಂದೆ ನನ್ನ ಮಾನ ಹೋಯ್ತೋ ಅವರ ಮುಂದೆ ಹೇಳು. ನನ್ನ ಮೂಗು ಸತ್ತಿತ್ತು ಅನ್ನೋದನ್ನೂ ಸೇರಿಸಿ ಹೇಳು. ನಾನೂ ಅಲ್ಲಿರ್ತೀನಿ.”

ಮೇಡಂಗೆ ಹೇಳಿದಾಗ ಅವರು ಹೌಹಾರಿದರು. ಹಳೇದು ಹೋಗಲಿ ಬಿಡು, ನಾಲ್ಕು ಜನರ ಮುಂದೆ ಯಾಕೆ ಕೆದಕೋದು, ನಿನಗೇ ಅಲ್ಲವಾ ಕಷ್ಟ ಅಂದರು. ಎಲ್ಲರ ಮುಂದೆ ಹೇಳಲು ಬಿಡದಿದ್ದರೆ ಕೆಲಸಕ್ಕೇ ಬರಲ್ಲ ಅಂದೆ. ನನ್ನ ಹಟ ಅವರಿಗೆ ಗೊತ್ತು, ಒಪ್ಪಿದರು.

ಈ ಸಲದ ಆರಿಸುವ ದಿನ ಅದೇ ಊಟದ ಹಾಲು, ಹೆಚ್ಚುಕಡಿಮೆ ಅದೇ ಜನ. ಆ ವೈನಿನವರನ್ನು ನಾನೇ ಫೋನ್ ಮಾಡಿ ಕರೆಸಿದ್ದೆ. ಕಾವೇರಪ್ಪನವರು ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಕೋಟಿನಲ್ಲಿ ಕೂತಿದ್ದರು. ನಿಂತು ಹೇಳಿದೆ. ಅವರ ಮೂಗಿನ ಸಂಗತಿ, ನೀರಿನ ಗುಟ್ಟು, ಹನ್ನೆರಡು ಹೆಜ್ಜೆ, ಬಾಯಿ ತಪ್ಪಿತೆಂದ ಸುಳ್ಳು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಇವತ್ತು ಆರಿಸುವವರು ಅವರೇ, ನಾನಲ್ಲ ಅಂದೆ. ಕಾವೇರಪ್ಪನವರು ಎದ್ದು ನಿಂತರು. ದಾನ ಬೇಡ, ಇಬ್ಬರಿಗೂ ಸುರಿಯಿರಿ, ಬರೆದು ಕೊಡ್ತೀವಿ ಅಂದರು.

ಆರು ನೀಲಿ ಲೋಟ ಅವರಿಗೆ, ಅದೇ ಆರು ನನಗೆ. ಸುರಿದದ್ದು ಮೇಡಂ. ಬೇಕಂತ ಸೋತುಬಿಡೋಣವೇ ಅಂತ ಮನಸ್ಸಿಗೆ ಬಂದದ್ದು ಹೌದು. ಅದು ಇನ್ನೊಂದು ಮೋಸ. ಸೆರಗು ಸಿಕ್ಕಿಸಿಕೊಂಡು ಪ್ರಾಣ ಕೊಟ್ಟು ಮೂಸಿದೆ. ಒಂದರಿಂದ ಐದರವರೆಗೆ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆರನೆಯದು ಬೆಣ್ಣೆ ಸವರಿದ ಬಿಸಿ ಬನ್ನಿನ ಹಾಗೆ ಘಂ ಅನ್ನುತ್ತಿತ್ತು. ಪೀಪಾಯಿ ಅಂತ ಬರೆದೆ.

ಚೀಟಿ ಬಿಚ್ಚಿದರು. ಐದು ಇಬ್ಬರದ್ದೂ ಸರಿ, ಆರನೆಯದು ಬೇರೆಬೇರೆ. ಅವರು ಸ್ಟೀಲ್ ಟ್ಯಾಂಕ್ ಅಂತ ಬರೆದಿದ್ದರು. ನನಗೆ ಒಳಗೊಳಗೇ ಪಾಪ ಅನ್ನಿಸಿತು — ನೋಡಿ, ಅಲ್ಲಿಯೂ ನನ್ನ ಜಂಬ! ಅವರು ಲೋಟವನ್ನು ಇನ್ನೊಮ್ಮೆ ಮೂಸಿ, ನನ್ನ ಕಡೆಯೇ ತಿರುಗಿ ಹೇಳಿದರು.

“ಇದು ಮರ ಅಲ್ಲ ಕಣಮ್ಮ, ಗಷ್ಟು.”

ಅವರ ತಾಯಿ ಮನೆಯಲ್ಲಿ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಿದ್ದರಂತೆ. ತಳದಲ್ಲಿ ಕೂತ ಹುದುಗಿನ ಗಷ್ಟಿನ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಆಗಾಗ ಕದಡಿದರೆ ಇದೇ ಬನ್ನಿನ ವಾಸನೆ ಬರುತ್ತಂತೆ. ಟ್ಯಾಂಕಿನಲ್ಲೂ ಹಾಗೆ ಮಾಡುವವರುಂಟು ಅಂದರು. ವೈನಿನವರು ಪೇಪರ್ ಬಿಚ್ಚಿ ಲೇಬಲ್ ತೋರಿಸಿ, ಹೌದು, ಈ ವರ್ಷ ಮೊದಲ ಸಲ ಗಷ್ಟಿನ ಮೇಲೆ ಇಟ್ಟು ನೋಡಿದ್ದೆವು, ನಮ್ಮವರಿಗೇ ಗುರುತು ಸಿಕ್ಕಿರಲಿಲ್ಲ ಅಂದರು. ಹಾಲಿಗೆ ಹಾಲೇ ಎದ್ದು ನಿಂತಿತು. ಅಡುಗೆಯವರು ತಟ್ಟೆ ಬಡಿದರು, ಮೇಡಂ ಅತ್ತರು. ನಾನೂ ಎದ್ದು ಕೈ ನೋಯುವಷ್ಟು ಚಪ್ಪಾಳೆ ಹೊಡೆದೆ. ಬ್ಯಾರನ್ನಿನ ಮೂಗು ನನ್ನದು. ಪೀಪಾಯಿ ಇಲ್ಲದ ಕಡೆಯೂ ಅದಕ್ಕೆ ಪೀಪಾಯಿಯೇ ಕಂಡಿತ್ತು. ಸೋತದ್ದಕ್ಕೆ ಅಷ್ಟು ಸಂತೋಷ ಪಟ್ಟವಳು ನಾನೊಬ್ಬಳೇ ಇರಬೇಕು. ಅವರ ಮೂಗು ಬದುಕಿದೆ, ನನಗಿಂತ ದೊಡ್ಡದು, ಅದನ್ನು ಎಲ್ಲರೂ ಕಣ್ಣಾರೆ ಕಂಡರು.

ಆ ಆರನೆಯದನ್ನೇ ಅವರು ಈ ವರ್ಷಕ್ಕೆ ಆರಿಸಿದರು. ಮೀನಿನ ಜೊತೆ ಕುಡಿದವರು ಬಾಯಿ ಚಪ್ಪರಿಸುತ್ತಿದ್ದಾರೆ. ನನ್ನ ನಾಲ್ಕು ವರ್ಷದ ಆಯ್ಕೆಗಿಂತ ಇದು ಮೇಲು ಅಂತ ನಾನೇ ಅತಿಥಿಗಳಿಗೆ ಹೇಳುತ್ತೀನಿ. ಕಾವೇರಪ್ಪನವರು ಈಗ ವಾರಕ್ಕೆ ಮೂರು ದಿನ ಬರುತ್ತಾರೆ, ಹಳೇ ಜಾಗದಲ್ಲೇ ಕೂರುತ್ತಾರೆ. ನಾನು ಅವರ ಕೈಕೆಳಗೆ. ಗಷ್ಟಿನ ವಾಸನೆ ಕಲಿಯುತ್ತಿದ್ದೀನಿ, ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ.

ಕ್ಷಮಿಸಿದ್ದೀನಿ ಅಂತ ಅವರು ಈವರೆಗೆ ಅಂದಿಲ್ಲ. ಪಾಠ ಹೇಳುತ್ತಾರೆ, ತಪ್ಪಿದರೆ ತಿದ್ದುತ್ತಾರೆ, ಊಟಕ್ಕೆ ಮಾತ್ರ ಬೇರೆ ಮೇಜಿಗೆ ಹೋಗುತ್ತಾರೆ. ಅದು ಸರಿಯೇ. ಅರವತ್ತು ದಾಟಿದ ಮನುಷ್ಯನ ನಾಲ್ಕು ವರ್ಷ ನಾನು ಕಸಿದುಕೊಂಡೆ. ಅದರಲ್ಲಿ ಎರಡು ವರ್ಷ ಅವರ ಮೂಗು ನೆಟ್ಟಗಿತ್ತು, ಮೂಸಲು ಕೊತ್ತಂಬರಿ ಬಿಟ್ಟು ಏನೂ ಇರಲಿಲ್ಲ. ಅದನ್ನು ವಾಪಸ್ ಕೊಡುವ ದಾರಿ ನನಗೆ ಗೊತ್ತಿಲ್ಲ. ಅವರು ಬರುವ ದಿನ ಅವರಿಗಿಂತ ಮುಂಚೆ ಬಂದು ಹಾಲಿನ ಬಾಗಿಲು ನಾನೇ ತೆಗೆಯುತ್ತೀನಿ, ಅವರು ಕೂತ ಮೇಲೆ ಕೂರುತ್ತೀನಿ.